‘ಅಡ್ವಾನ್ಸ್ಡ್’ ಒತ್ತುವ ಮುನ್ನ

ಮೈಸೂರು

ಪ್ರೀತಿಯ ಪುಟ್ಟಿಗೆ,


ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅಲ್ಲೇ ಎರಡು ಮಾತಿನಲ್ಲಿ ಉತ್ತರ ಕೊಡಬಹುದಿತ್ತು. ಆದರೆ ಸರ್ಟಿಫಿಕೇಟಿನ ವಿಷಯ ಬಾಯಿಮಾತಿನಲ್ಲಿ ಹೇಳಿದರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಕೆಲಸಕ್ಕೆ ಕೂತಾಗ ಪಕ್ಕದಲ್ಲಿಟ್ಟುಕೋ.

ನೀನು ಹೇಳಿದ್ದಿಷ್ಟು. ಆಸ್ಪತ್ರೆಯ ಸ್ವಿಚ್ಚನ್ನೋ ಫೈರ್‌ವಾಲನ್ನೋ ಬ್ರೌಸರಿನಲ್ಲಿ ತೆರೆದಾಗಲೆಲ್ಲ, ಈ ಸಂಪರ್ಕ ಸುರಕ್ಷಿತವಲ್ಲ ಅನ್ನುವ ಕೆಂಪು ಎಚ್ಚರಿಕೆ ಬರುತ್ತದೆ. ‘ಅಡ್ವಾನ್ಸ್ಡ್ ಒತ್ತು, ಪ್ರೊಸೀಡ್ ಒತ್ತು, ಹೋಗ್ತಾ ಇರು’ ಅಂತ ಸೀನಿಯರುಗಳು ಹೇಳಿಕೊಟ್ಟಿದ್ದಾರೆ. ಆಡಿಟ್‌ನವರು ಬಂದು ಹೋದ ಮೇಲೆ ಎಲ್ಲ ಡಿವೈಸುಗಳಿಗೂ ಸರಿಯಾದ ಸರ್ಟಿಫಿಕೇಟ್ ಹಾಕುವ ಕೆಲಸವನ್ನು ಮ್ಯಾನೇಜರ್ ನಿನ್ನ ತಲೆಗೆ ಕಟ್ಟಿದ್ದಾರೆ. ‘ಎಲ್ಲಾ ನಮ್ಮ ಬಿಲ್ಡಿಂಗ್ ಒಳಗೇ ಇದೆ, ಎನ್‌ಕ್ರಿಪ್ಷನ್ನೂ ಆಗ್ತಾ ಇದೆ, ಮತ್ಯಾಕೆ ದೊಡ್ಡಪ್ಪ ಈ ಪಾಡು?’ ಅಂತ ನಿನ್ನ ಪ್ರಶ್ನೆ.

ಎನ್‌ಕ್ರಿಪ್ಷನ್ ಆಗುತ್ತಿರುವುದು ನಿಜ. ಯಾರ ಜೊತೆ ಆಗುತ್ತಿದೆ ಎಂದು ಕೇಳಿದೆಯಾ? ನಿಮ್ಮ ಓಪಿಡಿ ಕಾರಿಡಾರಿನಲ್ಲಿ ಬೆಂಚಿನ ಹಿಂದೆ ಒಂದು ನೆಟ್‌ವರ್ಕ್ ಸಾಕೆಟ್ ಖಾಲಿ ಇರುತ್ತದೆ. ಟೋಕನ್ ಹಿಡಿದು ಕೂತವನೊಬ್ಬ ಅದಕ್ಕೆ ಲ್ಯಾಪ್‌ಟಾಪ್ ಚುಚ್ಚುತ್ತಾನೆ. ನಿನ್ನ ಪಿಸಿಯೂ ಅದೇ ವಿಲ್ಯಾನಿನಲ್ಲಿದ್ದರೆ, ‘ಆ ಸ್ವಿಚ್ಚಿನ ಐಪಿ ವಿಳಾಸ ನನ್ನದೇ’ ಎಂದು ಸುಳ್ಳು ಎಆರ್‌ಪಿ ಉತ್ತರ ಹರಡುವುದಕ್ಕೆ ಅವನಿಗೆ ನಿಮಿಷ ಸಾಕು. ನೀನು ಬ್ರೌಸರ್ ತೆರೆಯುತ್ತೀಯ. ಅವನು ತಾನೇ ತಯಾರಿಸಿದ ಸರ್ಟಿಫಿಕೇಟ್ ತೋರಿಸುತ್ತಾನೆ. ಎಚ್ಚರಿಕೆ ಬರುತ್ತದೆ, ದಿನಾ ಬರುವ ಅದೇ ಎಚ್ಚರಿಕೆ. ನೀನು ಒತ್ತುತ್ತೀಯ, ಅಡ್ಮಿನ್ ಪಾಸ್‌ವರ್ಡ್ ಟೈಪ್ ಮಾಡುತ್ತೀಯ. ಆ ಪಾಸ್‌ವರ್ಡ್ ದಾರಿಯಲ್ಲಿ ಯಾರ ಕಣ್ಣಿಗೂ ಬೀಳದೆ, ಒಂದಕ್ಷರವೂ ಸೋರದೆ, ನೇರ ಕಳ್ಳನ ಕೈ ಸೇರುತ್ತದೆ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಟೆಲ್‌ನೆಟ್ಟಿನಲ್ಲಿ ಪಾಸ್‌ವರ್ಡುಗಳು ಬೆತ್ತಲೆಯಾಗಿಯೇ ಓಡಾಡುತ್ತಿದ್ದವು. ಅದು ಅಸುರಕ್ಷಿತ ಎಂದು ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ಎಚ್ಚರವೂ ಇತ್ತು. ಈಗಿನ ಸ್ಥಿತಿ ಅದಕ್ಕಿಂತ ಕೆಟ್ಟದ್ದು ಅಂತಲೇ ನನ್ನ ಅಭಿಪ್ರಾಯ. ವರ್ಷಕ್ಕೊಮ್ಮೆ ನಿಜವಾದ ಅಪಾಯ ಸೂಚಿಸಬೇಕಾದ ಎಚ್ಚರಿಕೆಯನ್ನು ದಿನಕ್ಕೆ ಹತ್ತು ಸಲ ತೋರಿಸಿ, ದಾಟಿ ಹೋಗುವ ಅಭ್ಯಾಸವನ್ನು ನಿಮ್ಮ ಕೈಬೆರಳಿಗೇ ಕಲಿಸಿಬಿಟ್ಟಿದ್ದಾರೆ. ನಿನಗೆ ಕೊಟ್ಟಿರುವ ಕೆಲಸ ಆಡಿಟ್‌ನವರ ಬಾಯಿ ಮುಚ್ಚಿಸುವುದಲ್ಲ, ಆ ಅಭ್ಯಾಸ ಬಿಡಿಸುವುದು.

ನಮ್ಮ ಕಾಲದಲ್ಲಿ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಹಿಡಿದು ಗೆಜೆಟೆಡ್ ಆಫೀಸರ ಬಾಗಿಲು ಕಾಯುತ್ತಿದ್ದೆವು. ಅವರು ಹಸಿರು ಇಂಕಿನಲ್ಲಿ ಸಹಿ ಹಾಕಿ ಸೀಲು ಒತ್ತಿದರೆ ಮಾತ್ರ ಅರ್ಜಿಗೆ ಬೆಲೆ. ಸ್ವಿಚ್ಚು ಕಾರ್ಖಾನೆಯಿಂದ ಬರುವಾಗ ಇಟ್ಟುಕೊಂಡು ಬರುವುದು ಸೆಲ್ಫ್ ಅಟೆಸ್ಟೆಡ್ ಕಾಪಿ. ‘ನಾನು ನಾನೇ’ ಎಂದು ತನಗೆ ತಾನೇ ಸಹಿ ಹಾಕಿಕೊಂಡಿದೆ. ಆ ಕಾರಿಡಾರಿನ ಮಹಾಶಯನೂ ಹಾಗೇ ಹಾಕಿಕೊಳ್ಳಬಲ್ಲ. ಬ್ರೌಸರಿಗೆ ಇಬ್ಬರೂ ಒಂದೇ.

ಈ ತೊಡಕು ಹೊಸದೇನಲ್ಲ. ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ 1976ರಲ್ಲಿ ಪಬ್ಲಿಕ್ ಕೀ ವಿಧಾನವನ್ನು ಲೋಕದ ಮುಂದಿಟ್ಟರು. ಒಂದು ಕೀಯನ್ನು ಊರಿಗೆಲ್ಲ ಹಂಚು, ಅದರ ಜೋಡಿಯನ್ನು ನಿನ್ನಲ್ಲೇ ಗುಟ್ಟಾಗಿಟ್ಟುಕೋ. ಸೊಗಸಾದ ಉಪಾಯ. ಆದರೆ ಹಂಚಿದ ಕೀ ಇಂಥವರದೇ ಎಂದು ಹೇಳುವವರು ಯಾರು? 1978ರಲ್ಲಿ ಎಂಐಟಿಯಲ್ಲಿ ಓದುತ್ತಿದ್ದ ಲೊರೆನ್ ಕೋನ್‌ಫೆಲ್ಡರ್ ತನ್ನ ಪದವಿಯ ಪ್ರಬಂಧದಲ್ಲಿ ಉತ್ತರ ಬರೆದ. ಹೆಸರು ಮತ್ತು ಕೀ ಎರಡನ್ನೂ ಒಂದೇ ಕಾಗದದಲ್ಲಿ ಸೇರಿಸಿ, ಎಲ್ಲರೂ ನಂಬುವ ಮೂರನೆಯವರಿಂದ ಸಹಿ ಹಾಕಿಸು ಎಂದ. ಇವತ್ತು ನೀನು ಹಾಕಬೇಕಾಗಿರುವುದು ಅದನ್ನೇ. 1988ರಲ್ಲಿ ಅದಕ್ಕೊಂದು ನಮೂನೆ ಗೊತ್ತುಮಾಡಿ ಎಕ್ಸ್.509 ಎಂದು ಕರೆದರು. ಆ ಪ್ರಬಂಧ ಬರೆದಾಗ ಕೋನ್‌ಫೆಲ್ಡರ್ ನಿನಗಿಂತ ಚಿಕ್ಕವನಿದ್ದ, ಗೊತ್ತಿರಲಿ!

ಇನ್ನು ಸಹಿ ಹಾಕುವ ಆ ಮೂರನೆಯವರು ಯಾರಾಗಬೇಕು? ವೆಬ್‌ಸೈಟುಗಳಿಗೆ ಸರ್ಟಿಫಿಕೇಟ್ ಕೊಡುವ ಸಾರ್ವಜನಿಕ ಸಂಸ್ಥೆಗಳ ಹತ್ತಿರ ಹೋಗಬೇಡ. ನಿಮ್ಮ ಕಟ್ಟಡದೊಳಗಿನ ‘10’ರಿಂದ ಶುರುವಾಗುವ ಐಪಿಗಾಗಲಿ, ‘.ಲೋಕಲ್’ ಎಂದು ಮುಗಿಯುವ ಹೆಸರಿಗಾಗಲಿ ಅವರು ಕೊಡುವ ಹಾಗಿಲ್ಲ. ಕೊಡಬಹುದಾದ ಹೆಸರಿಗೂ ಅವಧಿ ಇಳಿಯುತ್ತಲೇ ಇದೆ. 398 ದಿನ ಇದ್ದದ್ದು 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚಿನಿಂದ 100, 2029ರ ಮಾರ್ಚಿನಿಂದ ಬರೀ 47 ದಿನ ಎಂದು ಬ್ರೌಸರಿನವರೂ ಸರ್ಟಿಫಿಕೇಟಿನವರೂ ಕೂಡಿ 2025ರಲ್ಲಿ ತೀರ್ಮಾನಿಸಿದರು. ಹಳೆಯ ಸ್ವಿಚ್ಚಿನ ಮುಂದೆ ಕೂತು 47 ದಿನಕ್ಕೊಮ್ಮೆ ಅಂಟಿಸುತ್ತಾ ಹೋದರೆ ನಿನಗೆ ಬೇರೆ ಕೆಲಸವೇ ಇರುವುದಿಲ್ಲ. ನಿಮ್ಮದೇ ಒಂದು ಸಿಎ, ಅಂದರೆ ಸರ್ಟಿಫಿಕೇಟ್ ಅಥಾರಿಟಿ, ಮಾಡಿಕೊಳ್ಳುವುದು ದಾರಿ. ವಿಂಡೋಸ್ ಸರ್ವರ್ ಹೇಗೂ ಇದೆ, ಅದರಲ್ಲೇ ಸರ್ಟಿಫಿಕೇಟ್ ಸರ್ವಿಸಸ್ ಇರುತ್ತದೆ. ಇಲ್ಲದಿದ್ದರೆ ಓಪನ್‌ಎಸ್‌ಎಸ್‌ಎಲ್ ಸಾಕು.

ಇಲ್ಲೊಂದು ಕಡೆ ಮಾತ್ರ ಜಿಪುಣತನ ಬೇಡ. ರೂಟ್ ಸಿಎ ಬೇರೆ ಇರಲಿ, ದಿನನಿತ್ಯ ಸಹಿ ಹಾಕುವ ಇಂಟರ್ಮೀಡಿಯೆಟ್ ಸಿಎ ಬೇರೆ ಇರಲಿ. ರೂಟ್ ಇರುವ ಯಂತ್ರ ನೆಟ್‌ವರ್ಕನ್ನೇ ನೋಡಬಾರದು. ಕೆಲಸ ಮುಗಿದ ಮೇಲೆ ಬೀರುವಿನಲ್ಲಿಟ್ಟು ಬೀಗ ಹಾಕು. ಬೀಗದ ಕೈ ನಿನ್ನ ಹತ್ತಿರ ಬೇಡ, ಮ್ಯಾನೇಜರ ಹತ್ತಿರ ಇರಲಿ. ಯಾಕೆ ಇಷ್ಟು ಬಂದೋಬಸ್ತು ಅಂತೀಯಾ? ಎಲ್ಲರ ಪಿಸಿಗೂ ಆ ರೂಟನ್ನು ಗ್ರೂಪ್ ಪಾಲಿಸಿಯಲ್ಲಿ ತಳ್ಳುತ್ತೀಯ. ಅಲ್ಲಿಂದಾಚೆಗೆ ಆ ಕೀ ಇದ್ದವನು ನಿಮ್ಮ ಸ್ವಿಚ್ಚಿಗೆ ಮಾತ್ರವಲ್ಲ, ಬ್ಯಾಂಕಿನ ವೆಬ್‌ಸೈಟಿಗೂ ನಕಲಿ ಸರ್ಟಿಫಿಕೇಟ್ ಕೊಡಬಲ್ಲ, ನಿಮ್ಮ ಪಿಸಿಗಳು ಕಣ್ಣುಮುಚ್ಚಿ ನಂಬುತ್ತವೆ. ಇದು ನಮ್ಮ ದೇಶದಲ್ಲೇ ದೊಡ್ಡ ಮಟ್ಟದಲ್ಲಿ ಆಗಿದೆ. 2014ರ ಜುಲೈ 2ರಂದು ಗೂಗಲ್‌ನ ಹೆಸರುಗಳಿಗೆ ಅನಧಿಕೃತ ಸರ್ಟಿಫಿಕೇಟುಗಳು ಹೊರಬಿದ್ದಿರುವುದು ಗೂಗಲ್‌ನವರ ಕಣ್ಣಿಗೆ ಬಿತ್ತು. ಅವನ್ನು ಕೊಟ್ಟದ್ದು ನಮ್ಮ ಎನ್‌ಐಸಿಯ ಸಿಎ, ಅದು ಭಾರತ ಸರ್ಕಾರದ ಸಿಸಿಎ (ಕಂಟ್ರೋಲರ್ ಆಫ್ ಸರ್ಟಿಫೈಯಿಂಗ್ ಅಥಾರಿಟೀಸ್) ಅಡಿಯಲ್ಲಿ ಇದ್ದದ್ದು. ಆ ಸಿಸಿಎ ರೂಟನ್ನು ಮೈಕ್ರೋಸಾಫ್ಟ್ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದ್ದರಿಂದ ವಿಂಡೋಸ್ ಯಂತ್ರಗಳು ಅವನ್ನು ನಂಬುವಂತಿದ್ದವು. ತನ್ನದೇ ಪಟ್ಟಿ ಇಟ್ಟುಕೊಂಡಿದ್ದ ಫೈರ್‌ಫಾಕ್ಸ್‌ಗೆ ತಟ್ಟಲಿಲ್ಲ. ಮಾರನೆಯ ದಿನವೇ ಸಿಸಿಎ ಎನ್‌ಐಸಿಯ ಇಂಟರ್ಮೀಡಿಯೆಟ್‌ಗಳನ್ನು ರದ್ದುಮಾಡಿತು. ಅದಕ್ಕೂ ಮೊದಲು, 2011ರಲ್ಲಿ, ನೆದರ್ಲೆಂಡ್ಸಿನ ಡಿಜಿನೋಟಾರ್ ಎಂಬ ಸಿಎಗೆ ಕನ್ನ ಬಿದ್ದು, ಅದರ ಹೆಸರಿನ ನಕಲಿ ಗೂಗಲ್ ಸರ್ಟಿಫಿಕೇಟ್ ಇರಾನಿನ ಜನರ ಮೇಲೆ ಬಳಕೆಯಾಯಿತು. ಆ ಕಂಪನಿ ಅದೇ ಸೆಪ್ಟೆಂಬರಿನಲ್ಲಿ ದಿವಾಳಿ. ಎನ್‌ಐಸಿಯಲ್ಲಿ ಇಂಟರ್ಮೀಡಿಯೆಟ್ ರದ್ದುಮಾಡಿ ಕೆಲಸ ಮುಗಿಯಿತು, ರೂಟ್ ಉಳಿಯಿತು ಎಂಬುದನ್ನು ಗಮನಿಸು. ಎರಡು ಮೆಟ್ಟಿಲು ಇಟ್ಟದ್ದರ ಫಲ ಅದು.

ಸರಿ, ಈಗ ಸ್ವಿಚ್ಚಿನ ಮುಂದೆ ಕೂರೋಣ. ನಿಮ್ಮಲ್ಲಿ ಹೆಚ್ಚಿನವು ಸಿಸ್ಕೊ ಅಂದೆ. ಐಸಿಯು ಸ್ವಿಚ್ಚಿನಿಂದ ಶುರುಮಾಡಬೇಡ. ಸ್ಟೋರಿನಲ್ಲಿ ಬಿಡಿಯಾಗಿ ಒಂದು ಇದ್ದರೆ ಅದರ ಮೇಲೆ ಕೈ ಪಳಗಿಸಿಕೋ. ಕನ್ಸೋಲ್ ಕೇಬಲ್ ಚುಚ್ಚಿಟ್ಟುಕೊಂಡೇ ಕೂರು. ವೆಬ್ ಬಾಗಿಲು ಮುಚ್ಚಿಹೋದರೂ ಹಿತ್ತಲ ಬಾಗಿಲು ಇರುತ್ತದೆ.

ಮೊದಲ ಕೆಲಸ ಗಡಿಯಾರ. ನಗಬೇಡ. ಬ್ಯಾಟರಿ ಗಡಿಯಾರವಿಲ್ಲದ ಹಳೆಯ ಸಿಸ್ಕೊ ಡಿವೈಸ್ ಕರೆಂಟು ಹೋಗಿ ಬಂದರೆ 1993ರ ಮಾರ್ಚ್ 1ಕ್ಕೆ ಎದ್ದು ಕೂರುತ್ತದೆ. ಲಾಗಿನಲ್ಲಿ ‘ಮಾರ್ಚ್ 1’ ಎಂಬ ಸಾಲುಗಳನ್ನು ನೀನೂ ನೋಡಿರುತ್ತೀಯ. ಅದರ ಲೆಕ್ಕದಲ್ಲಿ ನೀನು ಕೊಟ್ಟ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇಲ್ಲ, ಹಾಗಾಗಿ ಸಿಂಧುವಲ್ಲ. ಎನ್‌ಟಿಪಿ ಸರ್ವರ್ ತೋರಿಸಿ, ಸಮಯ ಹೊಂದಿಕೊಂಡಿತೇ ಎಂದು ನೋಡಿ, ಆಮೇಲೆ ಮುಂದಿನ ಮಾತು.

ನಂತರ ಹೋಸ್ಟ್‌ನೇಮ್, ಡೊಮೇನ್ ಹೆಸರು, ಆಮೇಲೆ ಕೀ. ಕಾರ್ಖಾನೆಯಿಂದ ಬಂದ ಕೀಯನ್ನೋ ಮೊದಲ ಬೂಟಿನಲ್ಲಿ ತಾನಾಗಿ ಹುಟ್ಟಿದ್ದನ್ನೋ ಇಟ್ಟುಕೊಳ್ಳಬೇಡ, 2048 ಬಿಟ್ಟಿನದು ಹೊಸದಾಗಿ ಮಾಡು. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ನಾಡಿಯಾ ಹೆನಿಂಗರ್ ಮತ್ತು ಜೊತೆಗಾರರು ಇಡೀ ಇಂಟರ್ನೆಟ್ಟನ್ನು ಜಾಲಾಡಿ ಕೀಗಳನ್ನು ಒಟ್ಟುಹಾಕಿದರು. ಟಿಎಲ್‌ಎಸ್ ಬಳಸುವ ಯಂತ್ರಗಳಲ್ಲಿ ಶೇ. 0.5ರಷ್ಟರ ಗುಟ್ಟಿನ ಕೀಯನ್ನು ಬರೀ ಲೆಕ್ಕ ಮಾಡಿಯೇ ಹೊರತೆಗೆದರು! ಸಿಕ್ಕಿಬಿದ್ದವು ದೊಡ್ಡ ವೆಬ್‌ಸೈಟುಗಳಲ್ಲ. ರೌಟರು, ಫೈರ್‌ವಾಲಿನಂಥ ಪೆಟ್ಟಿಗೆಗಳೇ ಹೆಚ್ಚು. ಕೀ ಮಾಡಲು ಊಹೆಗೆ ಸಿಗದ ಸಂಖ್ಯೆಗಳು ಬೇಕು. ಕೀಬೋರ್ಡು, ಮೌಸು ಇಲ್ಲದ ಪೆಟ್ಟಿಗೆ ಆಗತಾನೇ ಎದ್ದು ಕೂತಾಗ ಅದಕ್ಕೆ ಅಂಥ ಸಂಖ್ಯೆ ಎಲ್ಲಿಂದ ಬರಬೇಕು? ಒಂದೇ ಥರ ಎದ್ದ ಎರಡು ಪೆಟ್ಟಿಗೆಗಳು ಒಂದೇ ಅವಿಭಾಜ್ಯ ಸಂಖ್ಯೆಯನ್ನು ಆರಿಸಿಕೊಂಡುಬಿಡುತ್ತವೆ. ಆಮೇಲೆ ಎರಡೂ ಕೀಗಳ ಮಸಾಅ ಕಂಡುಹಿಡಿದರೆ ಸಾಕು. ಹೌದು, ಏಳನೇ ಕ್ಲಾಸಿನಲ್ಲಿ ನಿನಗೆ ನಾನು ಹೇಳಿಕೊಟ್ಟ ಮಹತ್ತಮ ಸಾಮಾನ್ಯ ಅಪವರ್ತನವೇ. ಆದ್ದರಿಂದ ಸ್ವಿಚ್ಚು ಸ್ವಲ್ಪ ಹೊತ್ತು ಓಡಲಿ, ಟ್ರಾಫಿಕ್ ಹರಿಯಲಿ, ಕೀ ಆಮೇಲೆ ಮಾಡು.

ಮುಂದೆ ಟ್ರಸ್ಟ್‌ಪಾಯಿಂಟ್, ಅಂದರೆ ಸ್ವಿಚ್ಚು ನಂಬಬೇಕಾದ ಸಿಎಯ ವಿವರ. ಅದರಲ್ಲಿ ‘ಎನ್‌ರೋಲ್‌ಮೆಂಟ್ ಟರ್ಮಿನಲ್’ ಅಂತ ಕೊಡು, ಸಬ್ಜೆಕ್ಟ್ ಹೆಸರು, ಯಾವ ಕೀ ಜೋಡಿ ಎಂಬುದನ್ನೂ ಬರೆ. ಈಗ ‘ಕ್ರಿಪ್ಟೊ ಪಿಕೆಐ ಅಥೆಂಟಿಕೇಟ್’. ಸಹಿ ಹಾಕುವ ಇಂಟರ್ಮೀಡಿಯೆಟ್‌ನ ಸರ್ಟಿಫಿಕೇಟನ್ನು, ಮೇಲಿನ ಗೀಟಿನ ಸಾಲಿನಿಂದ ಕೆಳಗಿನ ಗೀಟಿನ ಸಾಲಿನವರೆಗೆ ಪೂರ್ತಿ ಅಂಟಿಸಿ, ಕೊನೆಗೆ ‘ಕ್ವಿಟ್’ ಎಂದು ಬರೆ. ನೋಟ್‌ಪ್ಯಾಡಿನಿಂದ ಎತ್ತಿಕೋ, ವರ್ಡಿನಿಂದ ಬೇಡ. ವರ್ಡು ಗೀಟುಗಳನ್ನು ತನ್ನ ಇಷ್ಟಕ್ಕೆ ತಿದ್ದುತ್ತದೆ, ಸ್ವಿಚ್ಚು ಯಾಕೆ ಬೇಡ ಅಂತಿದೆ ಎಂದು ತಿಳಿಯದೆ ನೀನು ಅರ್ಧ ದಿನ ಒದ್ದಾಡುತ್ತೀಯ.

ಅಂಟಿಸಿದೊಡನೆ ಸ್ವಿಚ್ಚು ಫಿಂಗರ್‌ಪ್ರಿಂಟ್ ಎಂಬ ಒಂದು ಉದ್ದನೆಯ ಅಂಕೆ–ಅಕ್ಷರದ ಸಾಲು ತೋರಿಸಿ, ಈ ಸರ್ಟಿಫಿಕೇಟ್ ಒಪ್ಪುತ್ತೀಯಾ ಎಂದು ಕೇಳುತ್ತದೆ. ಇಡೀ ಕೆಲಸದ ಪ್ರಾಣ ಇರುವುದು ಈ ಒಂದು ಪ್ರಶ್ನೆಯಲ್ಲಿ. ನೂರಕ್ಕೆ ತೊಂಬತ್ತು ಜನ ಓದದೆ ‘ಯೆಸ್’ ಬರೆದು ಎಂಟರ್ ಹೊಡೆಯುತ್ತಾರೆ. ನೀನು ಸಿಎ ಯಂತ್ರದಿಂದ ಅದೇ ಸಾಲನ್ನು ಮೊದಲೇ ಕಾಗದದ ಮೇಲೆ ಬರೆದು ತಂದಿರು. ನಾಲ್ಕು ನಾಲ್ಕು ಅಕ್ಷರವಾಗಿ ಒಬ್ಬರು ಓದಿ, ಇನ್ನೊಬ್ಬರು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಬರಲಿ. ಎಸ್‌ಎಸ್‌ಎಚ್‌ನಲ್ಲಿ ಹೊಸ ಡಿವೈಸಿಗೆ ಮೊದಲ ಸಲ ಹೋದಾಗಲೂ ಇದೇ ಪ್ರಶ್ನೆ ಬರುತ್ತದೆ, ಅಲ್ಲಿಗೂ ಇದೇ ಮದ್ದು.

ಆಮೇಲಿನದು ಸಲೀಸು. ‘ಎನ್‌ರೋಲ್’ ಕೊಟ್ಟರೆ ಸಿಎಸ್‌ಆರ್, ಅಂದರೆ ಸಹಿಗಾಗಿ ಸ್ವಿಚ್ಚಿನ ಅರ್ಜಿ, ಪರದೆಯ ಮೇಲೆ ಬೀಳುತ್ತದೆ. ಅದನ್ನು ಸಿಎಗೆ ಒಯ್ದು ಸಹಿ ಹಾಕಿಸಿ ತಂದು ಇಂಪೋರ್ಟ್ ಮಾಡು. ಎಚ್‌ಟಿಟಿಪಿಎಸ್ ಸರ್ವರಿಗೆ ಆ ಟ್ರಸ್ಟ್‌ಪಾಯಿಂಟ್ ತೋರಿಸು, ಬರೀ ಎಚ್‌ಟಿಟಿಪಿಯನ್ನು ನಿಲ್ಲಿಸು, ಸೇವ್ ಮಾಡು. ಸಹಿ ಹಾಕುವಾಗ ಒಂದು ನೋಡಿಕೋ. ಕಾಮನ್ ನೇಮ್‌ನಲ್ಲಿ ಹೆಸರಿದ್ದರೆ ಸಾಲದು, 2017ರ ಕ್ರೋಮ್ 58ರಿಂದ ಬ್ರೌಸರ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್ ಎಂಬ ಜಾಗದಲ್ಲಿ ಹೆಸರು ಇರಲೇಬೇಕು. ನಿಮ್ಮವರು ಐಪಿ ಟೈಪ್ ಮಾಡಿಯೇ ಹೋಗುವವರಾದರೆ ಆ ಐಪಿಯೂ ಇರಬೇಕು, ಅದೂ ಡಿಎನ್‌ಎಸ್ ಹೆಸರಾಗಿ ಅಲ್ಲ, ಐಪಿಯಾಗಿಯೇ. ಸರ್ಟಿಫಿಕೇಟ್ ಹಾಕಿದ ಮೇಲೂ ಎಚ್ಚರಿಕೆ ಬರುತ್ತಿದೆ ಎಂದು ತಲೆ ಕೆರೆದುಕೊಳ್ಳುವವರಲ್ಲಿ ಹೆಚ್ಚಿನವರು ಎಡವಿರುವುದು ಇಲ್ಲೇ.

ಯಾರಾದರೂ ಬಂದು ‘ಒಂದೇ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ಮಾಡಿ ಎಲ್ಲಾ ಸ್ವಿಚ್ಚಿಗೂ ಹಾಕಿಬಿಡೋಣ’ ಅಂದರೆ ಬೇಡ ಅನ್ನು. ಹಾಗೆ ಮಾಡಿದರೆ ಒಂದೇ ಪ್ರೈವೇಟ್ ಕೀ ಎಲ್ಲ ಪೆಟ್ಟಿಗೆಯಲ್ಲೂ ಕೂರುತ್ತದೆ. ನಾಳೆ ಕೆಟ್ಟ ಸ್ವಿಚ್ಚೊಂದನ್ನು ಅಳಿಸದೆ ಗುಜರಿಗೆ ಹಾಕುತ್ತಾರೆ, ಅದು ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವುದೋ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಮಾರಾಟಕ್ಕೆ ಬರುತ್ತದೆ, ಜೊತೆಗೆ ನಿಮ್ಮ ಆಸ್ಪತ್ರೆಯ ಕೀಯೂ. ಡಿವೈಸಿಗೊಂದು ಕೀ, ಅದು ಆ ಡಿವೈಸನ್ನು ಬಿಟ್ಟು ಹೊರಗೆ ಬರಬಾರದು. ಸ್ವಿಚ್ಚು ಬಹಳ ಇದ್ದರೆ ಎಸ್‌ಸಿಇಪಿ ಕಲಿ, ಅದು ಸಿಎ ಜೊತೆ ತಾನೇ ಮಾತಾಡಿ ಸಹಿ ತರುತ್ತದೆ. ಮೊದಲ ನಾಲ್ಕೈದನ್ನು ಮಾತ್ರ ಕೈಯಾರೆ ಮಾಡು, ಇಲ್ಲದಿದ್ದರೆ ಒಳಗೆ ಏನಾಗುತ್ತಿದೆ ಎಂದೇ ತಿಳಿಯುವುದಿಲ್ಲ.

ಇನ್ನೊಂದು ಮಾತು. ಟಿಎಲ್‌ಎಸ್‌ನ ಹಳೆಯ ಆವೃತ್ತಿಗಳಾದ 1.0 ಮತ್ತು 1.1ಕ್ಕೆ 2021ರಲ್ಲೇ ಎಳ್ಳುನೀರು ಬಿಟ್ಟಾಗಿದೆ. ಅವನ್ನು ಬಿಟ್ಟು ಬೇರೆ ಬಾರದ ಮುದಿ ಸ್ವಿಚ್ಚಿಗೋಸ್ಕರ ಬ್ರೌಸರಿನ ಬಿಗಿ ಸಡಿಲಿಸಬೇಡ, ಬದಲಾಯಿಸಬೇಕಾದವುಗಳ ಪಟ್ಟಿಗೆ ಸೇರಿಸು.

ಹಾಕಿದ್ದಾಯಿತು. ಹಾಕುವುದು ಒಂದು ಮಧ್ಯಾಹ್ನದ ಕೆಲಸ, ಕಾಪಾಡಿಕೊಳ್ಳುವುದು ವರ್ಷಗಳದ್ದು. ಸರ್ಟಿಫಿಕೇಟ್ ಸದ್ದಿಲ್ಲದೆ ಮುಗಿಯುತ್ತದೆ. 2018ರ ಡಿಸೆಂಬರ್ 6ರಂದು ಎರಿಕ್ಸನ್ ಕಂಪನಿಯ ಸಾಫ್ಟ್‌ವೇರಿನಲ್ಲಿದ್ದ ಒಂದು ಸರ್ಟಿಫಿಕೇಟ್ ಅವಧಿ ಮುಗಿದು ಬ್ರಿಟನ್ನಿನ ಓಟೂ, ಜಪಾನಿನ ಸಾಫ್ಟ್‌ಬ್ಯಾಂಕ್ ಮೊಬೈಲ್ ಜಾಲಗಳು ಕೋಟಿಗಟ್ಟಲೆ ಜನಕ್ಕೆ ಕೈಕೊಟ್ಟವು. ಸಿಸ್ಕೊದ್ದೇ ಕಥೆ ಬೇಕೆ? ಅವರ ಐಓಎಸ್ ಸಾಫ್ಟ್‌ವೇರಿನ ಹಳೆಯ ಆವೃತ್ತಿಗಳು ತಾವೇ ತಯಾರಿಸಿಕೊಂಡ ಸರ್ಟಿಫಿಕೇಟುಗಳಿಗೆಲ್ಲ 2020ರ ಜನವರಿ 1ರ ಒಂದೇ ಗಡುವು ಬರೆದಿತ್ತು. ಆ ದಿನ ದಾಟಿದ ಮೇಲೆ ಹಳೆಯವು ಸತ್ತವು, ಆ ಆವೃತ್ತಿಗಳಲ್ಲಿ ಹೊಸದಾಗಿ ಮಾಡಿಕೊಳ್ಳಲೂ ಆಗಲಿಲ್ಲ. ನಿಮ್ಮ ಸ್ಟೋರಿನಲ್ಲಿ ಅಂಥದ್ದು ಈಗಲೂ ಒಂದೆರಡು ಇರಬಹುದು, ನೋಡು.

ಇವೆಲ್ಲ ಕೆಲಸ ನಿಂತು ಗೊತ್ತಾದವು. ಕೆಲಸ ನಿಲ್ಲದೆ ಹೋಗುವುದು ಇನ್ನೂ ಘೋರ. ಅಮೆರಿಕದ ಇಕ್ವಿಫ್ಯಾಕ್ಸ್ ಕಂಪನಿಯಲ್ಲಿ ಎನ್‌ಕ್ರಿಪ್ಟ್ ಆದ ಟ್ರಾಫಿಕ್ಕನ್ನು ಬಿಚ್ಚಿ ತಪಾಸಣೆ ಮಾಡುವ ಒಂದು ಡಿವೈಸ್ ಇತ್ತು. ಅದರ ಸರ್ಟಿಫಿಕೇಟ್ ಮುಗಿದು ಎಷ್ಟೋ ತಿಂಗಳಾಗಿತ್ತು. ಟ್ರಾಫಿಕ್ ನಿಲ್ಲಲಿಲ್ಲ, ತಪಾಸಣೆ ಮಾತ್ರ ನಿಂತಿತ್ತು. ದೂರು ಕೊಡುವವರೇ ಇಲ್ಲ. 2017ರ ಮೇ ತಿಂಗಳಿನಿಂದ ಕಳ್ಳರು ಒಳಗೆ ಕೂತು ಸುಮಾರು 14.7 ಕೋಟಿ ಜನರ ವಿವರ ಸಾಗಿಸಿದರು. ಜುಲೈ 29ರಂದು ಹೊಸ ಸರ್ಟಿಫಿಕೇಟ್ ಹಾಕಿದರು. ಹಾಕಿದ ಕೂಡಲೇ ಅನುಮಾನದ ಟ್ರಾಫಿಕ್ ಕಣ್ಣಿಗೆ ಹೊಡೆಯಿತು.

ಹಾಗಂತ ಸರ್ಟಿಫಿಕೇಟಿನಿಂದಲೇ ಎಲ್ಲಾ ಆಯಿತು ಎಂದೂ ತಿಳಿಯಬೇಡ. 2023ರ ಅಕ್ಟೋಬರಿನಲ್ಲಿ ಸಿಸ್ಕೊ ಐಓಎಸ್ ಎಕ್ಸ್‌ಇಯ ವೆಬ್ ಇಂಟರ್‌ಫೇಸಿನಲ್ಲಿ ದೊಡ್ಡ ಬಿರುಕು ಕಂಡಿತು. ಪಾಸ್‌ವರ್ಡೇ ಇಲ್ಲದೆ ಹೊರಗಿನವನು ಅಡ್ಮಿನ್ ಖಾತೆ ಮಾಡಿಕೊಳ್ಳಬಹುದಾಗಿತ್ತು. ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದ ಹತ್ತಾರು ಸಾವಿರ ಡಿವೈಸುಗಳು ಬಲಿಯಾದವು. ಅವುಗಳಲ್ಲಿ ಒಳ್ಳೆಯ ಸರ್ಟಿಫಿಕೇಟ್ ಇದ್ದವೂ ಇದ್ದಿದ್ದರೆ ಅದರಿಂದ ಕವಡೆಯಷ್ಟೂ ಉಪಯೋಗವಾಗುತ್ತಿರಲಿಲ್ಲ. ಮ್ಯಾನೇಜ್‌ಮೆಂಟ್ ವಿಲ್ಯಾನ್ ಬೇರೆ ಇರಲಿ, ಅದಕ್ಕೆ ಯಾವ ಪಿಸಿಯಿಂದ ಬರಬಹುದು ಎಂದು ಆಕ್ಸೆಸ್ ಲಿಸ್ಟ್ ಇರಲಿ. ವೆಬ್ ಪುಟವನ್ನು ಯಾರೂ ಬಳಸದ ಸ್ವಿಚ್ಚಿನಲ್ಲಿ ಅದನ್ನು ನಿಲ್ಲಿಸಿಯೇ ಬಿಡು. ಮತ್ತೆ ಆ ಓಪಿಡಿ ಕಾರಿಡಾರಿನ ಸಾಕೆಟ್ಟು, ಅದರ ಪೋರ್ಟನ್ನು ಇವತ್ತೇ ಶಟ್‌ಡೌನ್ ಮಾಡು.



ಕೊನೆಯದಾಗಿ ಒಂದು ಕೋರಿಕೆ. ಈ ವಾರವೇ ಒಂದು ಪಟ್ಟಿ ಶುರುಮಾಡು. ಯಾವ ಡಿವೈಸ್, ಎಲ್ಲಿದೆ, ಸರ್ಟಿಫಿಕೇಟಿನ ಸೀರಿಯಲ್ ನಂಬರ್, ಮುಗಿಯುವ ದಿನ, ನವೀಕರಿಸಬೇಕಾದವರು ಯಾರು. ಎಲ್ಲದಕ್ಕೂ ಒಂದೇ ಗಡುವು ಇಡಬೇಡ, ತಿಂಗಳು ತಿಂಗಳಿಗೆ ಹಂಚು. ನಿಮ್ಮ ಮಾನಿಟರಿಂಗ್ ಸರ್ವರಿಗೆ ಹೇಳಿ ಎರಡು ತಿಂಗಳು ಮುಂಚೆಯೇ ಮೇಲ್ ಬರುವ ಹಾಗೆ ಮಾಡು. ಆ ಮೇಲ್ ನಿನ್ನೊಬ್ಬಳಿಗೆ ಬೇಡ, ಇಡೀ ತಂಡಕ್ಕೆ ಹೋಗಲಿ, ನೀನು ಬೇರೆ ಕಂಪನಿಗೆ ಹೋಗದೆ ಇರುತ್ತೀಯಾ? ಪಟ್ಟಿಯ ಮೊದಲ ಸಾಲಿನಲ್ಲಿ ನಿಮ್ಮ ರೂಟ್ ಸಿಎಯನ್ನೇ ಬರೆ. ರೂಟೂ ಮುಗಿಯುತ್ತದೆ. ಆಡ್‌ಟ್ರಸ್ಟ್ ಎಂಬ ಹೆಸರಾಂತ ರೂಟ್ ಇಪ್ಪತ್ತು ವರ್ಷ ಬಾಳಿ 2020ರ ಮೇ 30ರಂದು ಮುಗಿದಾಗ, ಅದರ ದಿನಾಂಕ ಬರೆದಿಟ್ಟುಕೊಳ್ಳದ ಎಷ್ಟೋ ಕಂಪನಿಗಳ ಸೇವೆ ಅವತ್ತೇ ನಿಂತಿತು.

ಇತಿ ನಿನ್ನ ಪ್ರೀತಿಯ
ದೊಡ್ಡಪ್ಪ